ಮನಾಲಿ–ಲೇಹ್ ಸೈಕಲ್ ಯಾನ

ಮನಾಲಿ–ಲೇಹ್ ಸೈಕಲ್ ಯಾನವು ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖ್ ಕೇಂದ್ರಾಡಳಿತ ಪ್ರದೇಶದ ಲೇಹ್ ಪಟ್ಟಣದವರೆಗೆ ಹೆದ್ದಾರಿಯಲ್ಲಿ ಸೈಕಲ್ ಮೂಲಕ ಕೈಗೊಳ್ಳುವ ದೂರಪ್ರಯಾಣವಾಗಿದೆ. ರೋಹ್ತಾಂಗ್ ಮೂಲಕ ಸಾಗುವ ಹಳೆಯ ದಾರಿಯ ಉದ್ದ ಸುಮಾರು 475 ಕಿ.ಮೀ. ಸೈಕಲ್ ಸವಾರರು ಇದನ್ನು ಸಾಮಾನ್ಯವಾಗಿ 8ರಿಂದ 11 ದಿನಗಳಲ್ಲಿ ಪೂರೈಸುತ್ತಾರೆ. ಈ ದಾರಿಯು 5 ಪ್ರಮುಖ ಕಣಿವೆಮಾರ್ಗಗಳನ್ನು ದಾಟುತ್ತದೆ. ಅವುಗಳಲ್ಲಿ ಅತಿ ಎತ್ತರದ ತಾಂಗ್ಲಾಂಗ್ ಲಾ ಸಮುದ್ರ ಮಟ್ಟದಿಂದ 5,328 ಮೀಟರ್ ಎತ್ತರದಲ್ಲಿದೆ. ಭಾರತದಲ್ಲಿ ನಡೆಯುವ ದೂರದ ಸೈಕಲ್ ಪ್ರವಾಸಗಳಲ್ಲಿ ಇದು ಹೆಚ್ಚು ಪ್ರಸಿದ್ಧವಾದುದು. ವಿದೇಶಗಳ ಸವಾರರೂ ಇದಕ್ಕಾಗಿ ಬರುತ್ತಾರೆ.

ದೂರದ ದೃಷ್ಟಿಯಿಂದ ಇದು ಬಹಳ ದೊಡ್ಡ ಪ್ರಯಾಣವಲ್ಲ. ರಸ್ತೆಯ ಏರು ಕೂಡ ಕಡಿದಾದುದಲ್ಲ. ಯಾನವನ್ನು ಕಠಿಣವಾಗಿಸುವುದು ಎರಡು ಸಂಗತಿಗಳು: ವಿರಳವಾದ ಗಾಳಿ ಮತ್ತು ದಾರ್ಚಾದಿಂದ ರುಮ್ತ್ಸೆವರೆಗಿನ ಸುಮಾರು 250 ಕಿ.ಮೀ. ಉದ್ದಕ್ಕೂ ಶಾಶ್ವತ ಹಳ್ಳಿಗಳಿಲ್ಲದಿರುವುದು. ಸವಾರನು ಏನು ತಿನ್ನಬೇಕು, ಏನು ಹೊರಬೇಕು, ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಈ ಎರಡು ಸಂಗತಿಗಳಿಂದಲೇ.

ಹಿನ್ನೆಲೆ

ಕುಲ್ಲು ಕಣಿವೆಯಿಂದ ರೋಹ್ತಾಂಗ್ ಮತ್ತು ಲಾಹೌಲ್ ಮೂಲಕ ಲಡಾಖಿಗೆ ಹೋಗುವ ದಾರಿ ಬಹಳ ಹಿಂದಿನಿಂದ ವ್ಯಾಪಾರಿಗಳ ಬಳಕೆಯಲ್ಲಿತ್ತು. ಉಣ್ಣೆ, ಉಪ್ಪು ಮತ್ತು ಧಾನ್ಯಗಳು ಕುದುರೆ, ಹೇಸರಗತ್ತೆ, ಕುರಿ ಹಾಗೂ ಮೇಕೆಗಳ ಬೆನ್ನ ಮೇಲೆ ಈ ದಾರಿಯಲ್ಲಿ ಸಾಗುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಮತ್ತು ಅವನ ಜೊತೆಗಾರ ಜಾರ್ಜ್ ಟ್ರೆಬೆಕ್ 1820ರಲ್ಲಿ ಇದೇ ಮಾರ್ಗವಾಗಿ ಲೇಹ್ ತಲುಪಿದರು.

ಇಂದಿನ ಹೆದ್ದಾರಿಯನ್ನು ಮುಖ್ಯವಾಗಿ ಸೇನೆಯ ಸಾಗಾಟಕ್ಕಾಗಿ ಬೆಳೆಸಲಾಯಿತು. ಗಡಿ ರಸ್ತೆಗಳ ಸಂಸ್ಥೆಯು ಇದನ್ನು ನಿರ್ವಹಿಸುತ್ತದೆ. ಮನಾಲಿಯಿಂದ ಸರ್ಚುವರೆಗಿನ ಭಾಗ ಬಹುಕಾಲ ಆ ಸಂಸ್ಥೆಯ ‘ದೀಪಕ್’ ಯೋಜನೆಗೆ ಸೇರಿತ್ತು; ಸರ್ಚುವಿನಿಂದ ಲೇಹ್‌ವರೆಗಿನ ಭಾಗ ‘ಹಿಮಾಂಕ್’ ಯೋಜನೆಗೆ ಸೇರಿದೆ. ಲಡಾಖನ್ನು ಪ್ರವಾಸಿಗರಿಗೆ ತೆರೆದದ್ದು 1974ರಲ್ಲಿ. ಈ ರಸ್ತೆಯಲ್ಲಿ ಪ್ರವಾಸಿಗರ ಸಂಚಾರ 1980ರ ದಶಕದ ಕೊನೆಯಿಂದ ಹೆಚ್ಚಾಯಿತು. ಸೈಕಲ್ ಸವಾರರು ಕಾಣಿಸಿಕೊಂಡದ್ದು ಅದರ ಜೊತೆಗೇ.

2020ರ ಅಕ್ಟೋಬರ್ 3ರಂದು ರೋಹ್ತಾಂಗ್‌ನ ಕೆಳಗೆ 9.02 ಕಿ.ಮೀ. ಉದ್ದದ ಅಟಲ್ ಸುರಂಗವು ಸಂಚಾರಕ್ಕೆ ತೆರೆಯಿತು. ಇದರಿಂದ ಮನಾಲಿ–ಲೇಹ್ ದೂರವು ಸುಮಾರು 46 ಕಿ.ಮೀ. ಕಡಿಮೆಯಾಯಿತು. ಲಾರಿಗಳು ಮತ್ತು ಬಸ್ಸುಗಳು ಸುರಂಗದತ್ತ ತಿರುಗಿದ್ದರಿಂದ ರೋಹ್ತಾಂಗ್‌ನ ಹಳೆಯ ರಸ್ತೆಯಲ್ಲಿ ಭಾರಿ ವಾಹನಗಳ ದಟ್ಟಣೆ ಇಳಿದಿದೆ. ಸೈಕಲ್ ಪ್ರವಾಸಿಗರಲ್ಲಿ ಅನೇಕರು ಈಗಲೂ ಹಳೆಯ ರಸ್ತೆಯನ್ನೇ ಆಯ್ದುಕೊಳ್ಳುತ್ತಾರೆ. ಸುರಂಗದ ಹೊಗೆಯಿಂದ ದೂರವಿರುವುದು ಇದಕ್ಕೆ ಒಂದು ಕಾರಣ. ಮುಂದಿನ ಎತ್ತರಗಳಿಗೆ ದೇಹವನ್ನು ಮೆಲ್ಲನೆ ಒಗ್ಗಿಸಿಕೊಳ್ಳಲು ರೋಹ್ತಾಂಗ್‌ನ ಏರು ನೆರವಾಗುತ್ತದೆ ಎಂಬುದು ಇನ್ನೊಂದು.

ಮಾರ್ಗ

ಮಾರ್ಗದ ಮುಖ್ಯ ಸ್ಥಳಗಳು, ರೋಹ್ತಾಂಗ್ ಮೂಲಕ ಮನಾಲಿಯಿಂದ ಇರುವ ದೂರ ಮತ್ತು ಸಮುದ್ರ ಮಟ್ಟದಿಂದ ಇರುವ ಎತ್ತರ ಹೀಗಿವೆ. ಎಲ್ಲವೂ ಅಂದಾಜು ಅಂಕಿಗಳು.

ಮನಾಲಿ: 0 ಕಿ.ಮೀ., 2,050 ಮೀ.
ಮಢಿ: 35 ಕಿ.ಮೀ., 3,300 ಮೀ.
ರೋಹ್ತಾಂಗ್: 51 ಕಿ.ಮೀ., 3,978 ಮೀ.
ಕೇಲಾಂಗ್: 115 ಕಿ.ಮೀ., 3,080 ಮೀ.
ದಾರ್ಚಾ: 145 ಕಿ.ಮೀ., 3,360 ಮೀ.
ಬಾರಲಾಚಾ ಲಾ: 190 ಕಿ.ಮೀ., 4,890 ಮೀ.
ಸರ್ಚು: 222 ಕಿ.ಮೀ., 4,290 ಮೀ.
ಪಾಂಗ್: 300 ಕಿ.ಮೀ., 4,600 ಮೀ.
ತಾಂಗ್ಲಾಂಗ್ ಲಾ: 367 ಕಿ.ಮೀ., 5,328 ಮೀ.
ಉಪ್ಶಿ: 425 ಕಿ.ಮೀ., 3,400 ಮೀ.
ಲೇಹ್: 475 ಕಿ.ಮೀ., 3,500 ಮೀ.

‘ಲಾ’ ಎಂಬುದು ಟಿಬೆಟನ್ ಮತ್ತು ಲಡಾಖಿ ಭಾಷೆಗಳಲ್ಲಿ ಪರ್ವತಸಾಲನ್ನು ದಾಟುವ ಕಣಿವೆಮಾರ್ಗದ ಹೆಸರು.

ಮನಾಲಿಯಿಂದ ದಾರ್ಚಾ

ಮನಾಲಿಯಿಂದ ರೋಹ್ತಾಂಗ್‌ವರೆಗೆ 51 ಕಿ.ಮೀ. ದೂರದಲ್ಲಿ ರಸ್ತೆ 1,900 ಮೀಟರಿಗಿಂತ ಹೆಚ್ಚು ಏರುತ್ತದೆ; ಸರಾಸರಿ ಏರು ಶೇ. 4ಕ್ಕಿಂತ ತುಸು ಕಡಿಮೆ. ಮೊದಲಿಗೆ ದೇವದಾರು ಮರಗಳ ಕಾಡು, ಮಢಿಯ ಬಳಿ ಹುಲ್ಲುಗಾವಲು, ಆಮೇಲೆ ಬರಿಯ ಕಲ್ಲು ಕಾಣುತ್ತದೆ. ಮುಂಗಾರಿನ ಮೋಡಗಳನ್ನು ರೋಹ್ತಾಂಗ್‌ನ ಸಾಲು ತಡೆಯುವುದರಿಂದ ಕುಲ್ಲು ಬದಿ ಹಸಿರಾಗಿಯೂ ಲಾಹೌಲ್ ಬದಿ ಒಣನೆಲವಾಗಿಯೂ ಇದೆ. ಅಲ್ಲಿಂದ ಇಳಿದು ಖೋಕ್ಸರ್ ಮತ್ತು ಸಿಸ್ಸು ಹಳ್ಳಿಗಳನ್ನು ದಾಟಿದರೆ ಟಾಂಡಿ ಸಿಗುತ್ತದೆ. ಇಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ, ಅಂದರೆ ಚೆನಾಬ್, ಆಗುತ್ತವೆ. ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯ ಕೇಂದ್ರವಾದ ಕೇಲಾಂಗ್‌ನಲ್ಲಿ ಆಸ್ಪತ್ರೆ, ಅಂಗಡಿಗಳು ಮತ್ತು ವಸತಿಗೃಹಗಳಿವೆ. ಜಿಸ್ಪಾ ಮತ್ತು ದಾರ್ಚಾ ಈ ಬದಿಯ ಕೊನೆಯ ಹಳ್ಳಿಗಳು. ದಾರ್ಚಾದಿಂದ ಕವಲೊಡೆಯುವ ಇನ್ನೊಂದು ರಸ್ತೆ ಶಿಂಕು ಲಾ ದಾಟಿ ಝಂಸ್ಕಾರ್‌ನ ಪದುಮ್ ಮೂಲಕ ನಿಮ್ಮುವಿಗೆ ಹೋಗುತ್ತದೆ.

ದಾರ್ಚಾದಿಂದ ಪಾಂಗ್

ದಾರ್ಚಾದಿಂದ ಪಟ್ಸಿಯೋ ಮತ್ತು ಜಿಂಗ್‌ಜಿಂಗ್‌ಬಾರ್ ಮೂಲಕ ರಸ್ತೆ ಬಾರಲಾಚಾ ಲಾಕ್ಕೆ ಏರುತ್ತದೆ. ತುದಿಗೆ ಸ್ವಲ್ಪ ಮೊದಲು ಭಾಗಾ ನದಿಯ ಮೂಲವಾದ ಸೂರಜ್ ತಾಲ್ ಸರೋವರವಿದೆ. ಕಣಿವೆಮಾರ್ಗದ ಆಚೆಗೆ ಹಿಮಾಚಲ ಮತ್ತು ಲಡಾಖ್‌ಗಳ ಗಡಿಯಾದ ಸರ್ಚು ಬಯಲು ಹರಡಿದೆ. ಸರ್ಚುವಿನಿಂದ ತ್ಸರಾಪ್ ನದಿಯ ಪಕ್ಕ ಸಾಗಿದ ರಸ್ತೆಯು ಗಾಟಾ ಲೂಪ್ಸ್ ಎಂಬ 21 ಹಿಮ್ಮುರಿ ತಿರುವುಗಳ ಮೂಲಕ ಸುಮಾರು 450 ಮೀಟರ್ ಏರುತ್ತದೆ. ಮುಂದೆ ಸುಮಾರು 4,740 ಮೀಟರ್ ಎತ್ತರದ ನಕೀ ಲಾ, ವಿಸ್ಕಿ ನಾಲಾ ಎಂಬ ತಗ್ಗು ಮತ್ತು ಸುಮಾರು 5,060 ಮೀಟರ್ ಎತ್ತರದ ಲಾಚುಲುಂಗ್ ಲಾ ಬರುತ್ತವೆ. ಅಲ್ಲಿಂದ ಮಣ್ಣಿನ ಕಂಬಗಳಂತೆ ಕೊರೆದ ಕಮರಿಯ ಮೂಲಕ ಪಾಂಗ್‌ಗೆ ಇಳಿಯಬೇಕು. ಪಾಂಗ್‌ನಲ್ಲಿ ಸೇನೆಯ ತಂಗುಶಿಬಿರವೂ ಬೇಸಿಗೆಯ ಢಾಬಾಗಳೂ ಇವೆ.

ಪಾಂಗ್‌ನಿಂದ ಲೇಹ್

ಪಾಂಗ್‌ನಿಂದ ಒಂದು ಚಿಕ್ಕ ಏರಿನ ನಂತರ ಮೋರೆ ಬಯಲು ತೆರೆದುಕೊಳ್ಳುತ್ತದೆ. ಸುಮಾರು 4,700 ಮೀಟರ್ ಎತ್ತರದಲ್ಲಿರುವ ಈ ಬಯಲು ಹತ್ತಿರ ಹತ್ತಿರ 40 ಕಿ.ಮೀ. ಉದ್ದಕ್ಕೆ ಚಾಚಿದೆ. ಇದು ಚಾಂಗ್‌ಪಾ ಎಂಬ ಅಲೆಮಾರಿ ಪಶುಪಾಲಕರ ಮೇವಿನ ನೆಲ. ಬಯಲಿನ ತುದಿಯ ಡೆಬ್ರಿಂಗ್‌ನಿಂದ ತಾಂಗ್ಲಾಂಗ್ ಲಾದ ಏರು ಆರಂಭವಾಗುತ್ತದೆ. ಅದರ ಆಚೆ ಇಳಿದಾಗ ಸಿಗುವ ರುಮ್ತ್ಸೆ ಲಡಾಖ್ ಬದಿಯ ಮೊದಲ ಹಳ್ಳಿ. ಉಪ್ಶಿಯಲ್ಲಿ ರಸ್ತೆ ಸಿಂಧೂ ನದಿಯನ್ನು ಸೇರುತ್ತದೆ; ಕಾರು ಮತ್ತು ಠಿಕ್ಸೆ ಮೂಲಕ ಲೇಹ್ ತಲುಪುತ್ತದೆ.

ಋತು ಮತ್ತು ಹವೆ

ಹಿಮ ತೆರವುಗೊಂಡ ಮೇಲೆ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಸೈಕಲ್ ಯಾನ ನಡೆಯುತ್ತದೆ. ಜೂನ್‌ನಲ್ಲಿ ಕಣಿವೆಮಾರ್ಗಗಳ ಮೇಲೆ ಹಿಮದ ಗೋಡೆಗಳು ಉಳಿದಿರುತ್ತವೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಕುಲ್ಲು ಬದಿ ಮಳೆ ಹಾಗೂ ಭೂಕುಸಿತದ ಸಂಭವ ಹೆಚ್ಚು. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗಿದ್ದು ರಸ್ತೆ ಒಣಗಿರುತ್ತದೆ; ಆದರೆ ಚಳಿ ಬಿಗಿಯಾಗುತ್ತದೆ ಮತ್ತು ಢಾಬಾಗಳು ಒಂದೊಂದಾಗಿ ಮುಚ್ಚತೊಡಗುತ್ತವೆ.

ದಿನದ ವೇಳೆಯೂ ಋತುವಿನಷ್ಟೇ ಮುಖ್ಯವಾದುದು. ಹಿಮನದಿಗಳಿಂದ ಬರುವ ತೊರೆಗಳು ಕೆಲವೆಡೆ ರಸ್ತೆಯ ಮೇಲೆಯೇ ಹರಿಯುತ್ತವೆ. ಮುಂಜಾನೆ ಪಾದ ಮುಳುಗುವಷ್ಟು ನೀರಿರುವ ತೊರೆ ಬಿಸಿಲಿಗೆ ಹಿಮ ಕರಗಿದಂತೆ ಮಧ್ಯಾಹ್ನ ಮೊಣಕಾಲಿನವರೆಗೆ ಏರಬಹುದು. ಮಧ್ಯಾಹ್ನದ ಬಳಿಕ ಬಯಲುಗಳಲ್ಲಿ ಗಾಳಿಯೂ ಬಲವಾಗುತ್ತದೆ. ಈ ಕಾರಣಗಳಿಂದ ಅನುಭವಿ ಸವಾರರು ಬೆಳಗಿನ ಜಾವ ಹೊರಟು ಮಧ್ಯಾಹ್ನ ಎರಡು ಮೂರು ಗಂಟೆಯೊಳಗೆ ತಂಗುವ ಸ್ಥಳವನ್ನು ಸೇರುವ ಕ್ರಮವನ್ನು ಅನುಸರಿಸುತ್ತಾರೆ. ಸರ್ಚು ಮತ್ತು ಪಾಂಗ್‌ಗಳಲ್ಲಿ ಬೇಸಿಗೆಯ ರಾತ್ರಿಗಳಲ್ಲೂ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವುದುಂಟು.

ಎತ್ತರ ಮತ್ತು ದೇಹ

ಲೇಹ್‌ನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ ಇರುತ್ತದೆ. ತಾಂಗ್ಲಾಂಗ್ ಲಾದಲ್ಲಿ ಅದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು ಮತ್ತು ನಿದ್ರೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಇವನ್ನು ಕಡೆಗಣಿಸಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಥವಾ ಮಿದುಳು ಊದಿಕೊಳ್ಳುವ ಸ್ಥಿತಿ ಉಂಟಾಗಬಹುದು. ಇವೆರಡೂ ಮಾರಣಾಂತಿಕವಾದವು. ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ನೊರೆಗಫ, ನಡೆಯುವಾಗ ತೂರಾಡುವುದು ಮತ್ತು ಮಾತಿನಲ್ಲಿ ಗೊಂದಲ ಅಪಾಯದ ಗುರುತುಗಳಾಗಿವೆ.

ವ್ಯಾಯಾಮದಿಂದ ಪಳಗಿದ ದೇಹಕ್ಕೂ ಇದರಿಂದ ರಕ್ಷಣೆ ಇಲ್ಲ. ಬಲಿಷ್ಠ ಸವಾರನು ವೇಗವಾಗಿ ಏರಬಲ್ಲನಾದ್ದರಿಂದ ಅವನಿಗೆ ಅಪಾಯ ಒಮ್ಮೊಮ್ಮೆ ಹೆಚ್ಚೇ ಆಗುತ್ತದೆ. ಬೆಂಗಳೂರಿನ ಸವಾರರು ಅಭ್ಯಾಸಕ್ಕಾಗಿ ನಂದಿಬೆಟ್ಟವನ್ನು ಏರುವುದು ವಾಡಿಕೆ. ಅದು ಕಾಲಿಗೆ ಬಲ ನೀಡುತ್ತದೆಯೇ ಹೊರತು ಎತ್ತರಕ್ಕೆ ಒಗ್ಗಿಸುವುದಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ (1,930 ಮೀ.) ಈ ಯಾನ ಆರಂಭವಾಗುವ ಮನಾಲಿ ಪಟ್ಟಣಕ್ಕಿಂತ ತಗ್ಗಿನಲ್ಲಿದೆ.

ಪರ್ವತ ವೈದ್ಯಕೀಯದ ಸಾಮಾನ್ಯ ಸೂತ್ರದ ಪ್ರಕಾರ, 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಮಿಸಬೇಕು. ಈ ಮಾರ್ಗದಲ್ಲಿ ಆ ಸೂತ್ರವನ್ನು ಪಾಲಿಸುವುದು ಸುಲಭವಲ್ಲ. ದಾರ್ಚಾ ಮತ್ತು ಸರ್ಚುಗಳ ನಡುವೆಯೇ 900 ಮೀಟರಿಗಿಂತ ಹೆಚ್ಚಿನ ಅಂತರವಿದೆ. ಆದ್ದರಿಂದ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಒಂದು ದಿನ ಹೆಚ್ಚು ತಂಗಿ, ಸುಮಾರು 3,800 ಮೀಟರ್ ಎತ್ತರದ ಪಟ್ಸಿಯೋದಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಸುರಕ್ಷಿತವಾದ ಕ್ರಮ. ಅಸೆಟಜೋಲಮೈಡ್ ಎಂಬ ಔಷಧಿಯನ್ನು ತಡೆಗಾಗಿ ಬಳಸುವುದುಂಟು. ಅದಕ್ಕೆ ವೈದ್ಯರ ಸಲಹೆ ಅಗತ್ಯ.

ತೀವ್ರ ಲಕ್ಷಣಗಳಿಗೆ ಮುಖ್ಯ ಚಿಕಿತ್ಸೆ ತಡಮಾಡದೆ ಕೆಳಗಿಳಿಯುವುದು. ಸರ್ಚು ಮತ್ತು ಪಾಂಗ್‌ಗಳ ವಿಶೇಷ ಅಪಾಯ ಅಡಗಿರುವುದು ಇಲ್ಲಿಯೇ. ಸರ್ಚುವಿನ ಒಂದು ಬದಿಗೆ ಬಾರಲಾಚಾ ಲಾ, ಇನ್ನೊಂದು ಬದಿಗೆ ಲಾಚುಲುಂಗ್ ಲಾ ಇವೆ. ಪಾಂಗ್‌ನ ಎರಡು ಬದಿಗಳಲ್ಲಿ ಲಾಚುಲುಂಗ್ ಲಾ ಮತ್ತು ತಾಂಗ್ಲಾಂಗ್ ಲಾ ಇವೆ. ಅಲ್ಲಿ ಕಾಯಿಲೆ ಬಿದ್ದವರು ತಗ್ಗಿಗೆ ಹೋಗಬೇಕಾದರೆ ಮೊದಲು ಇನ್ನೂ ಎತ್ತರಕ್ಕೆ ಏರಬೇಕು. ಸೈಕಲ್ಲಿನಲ್ಲಿ ಇದು ಅಸಾಧ್ಯವಾದ್ದರಿಂದ ಲಾರಿ, ಜೀಪು ಅಥವಾ ಸೇನೆಯ ವಾಹನವೇ ಆಸರೆ. ಬಾರಲಾಚಾ ಲಾ ದಾಟುವ ಮುನ್ನವೇ ದೇಹಸ್ಥಿತಿಯನ್ನು ಸರಿಯಾಗಿ ಅಳೆದು, ತಲೆನೋವು ಇದ್ದರೆ ನಿಲ್ಲುವ ಅಥವಾ ಹಿಂದಿರುಗುವ ನಿರ್ಧಾರ ಮಾಡುವುದು ಈ ಯಾನದ ಅತಿ ಮುಖ್ಯ ಸುರಕ್ಷತಾ ಕ್ರಮವಾಗಿದೆ.

ಆಹಾರ

ಗುಡ್ಡಗಾಡಿನಲ್ಲಿ ಹೊರೆಯೊಂದಿಗೆ ದಿನಕ್ಕೆ ಆರೇಳು ಗಂಟೆ ಪೆಡಲ್ ತುಳಿಯುವವರಿಗೆ ಸುಮಾರು 4,000 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ. ಆದರೆ ಎತ್ತರವು ಹಸಿವನ್ನು ಕೊಲ್ಲುತ್ತದೆ. ಬೇಡಿಕೆ ಹೆಚ್ಚಿದ ಹೊತ್ತಿನಲ್ಲೇ ಊಟ ಸೇರದಿರುವುದು ಇಲ್ಲಿನ ಮುಖ್ಯ ತೊಡಕು. ಎರಡು ಹೊತ್ತಿನ ದೊಡ್ಡ ಊಟವನ್ನು ನಂಬದೆ, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು ಇದಕ್ಕೆ ಕಂಡುಕೊಂಡ ಪರಿಹಾರ.

ಢಾಬಾಗಳು

ಬೇಸಿಗೆಯಲ್ಲಿ ಜಿಂಗ್‌ಜಿಂಗ್‌ಬಾರ್, ಭರತ್‌ಪುರ, ಸರ್ಚು, ಪಾಂಗ್ ಮತ್ತು ಡೆಬ್ರಿಂಗ್ ಮುಂತಾದೆಡೆ ತಾತ್ಕಾಲಿಕ ಢಾಬಾಗಳು ತೆರೆಯುತ್ತವೆ. ಸೇನೆಯ ಹಳೆಯ ಪ್ಯಾರಾಶೂಟ್ ಬಟ್ಟೆಯನ್ನು ನಡುಗಂಬಕ್ಕೆ ಹೊದಿಸಿ ಕಟ್ಟಿದ ದುಂಡು ಡೇರೆಗಳಿಗೆ ಈ ದಾರಿ ಹೆಸರಾಗಿದೆ. ಅಲ್ಲಿ ಪರಾಠಾ, ಆಮ್ಲೆಟ್, ಅನ್ನ–ಬೇಳೆ, ರಾಜ್ಮಾ, ಮ್ಯಾಗಿ, ಥುಕ್ಪಾ ಮತ್ತು ಚಹಾ ದೊರೆಯುತ್ತವೆ. ರಾತ್ರಿ ಮಲಗಲು ಹಾಸಿಗೆ ಮತ್ತು ಕಂಬಳಿಗಳೂ ಸಿಗುತ್ತವೆ. ಸುಮಾರು 4,600 ಮೀಟರ್ ಎತ್ತರದಲ್ಲಿ ನೀರು 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ಕಷ್ಟವಾದ್ದರಿಂದ ಪ್ರೆಷರ್ ಕುಕ್ಕರ್ ಇಲ್ಲದೆ ಢಾಬಾ ನಡೆಯುವುದಿಲ್ಲ. ಬೇಗ ಬೇಯುವ ನೂಡಲ್ಸ್ ಈ ದಾರಿಯಲ್ಲಿ ಎಲ್ಲೆಡೆ ಕಾಣಸಿಗುವುದಕ್ಕೂ ಇದೇ ಕಾರಣ.

ಹೊತ್ತೊಯ್ಯುವ ಆಹಾರ

ಒಣ ಆಹಾರದಲ್ಲಿ 100 ಗ್ರಾಂಗೆ ಸುಮಾರು 400ರಿಂದ 450 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ಈ ಲೆಕ್ಕದಲ್ಲಿ ದಿನವೊಂದಕ್ಕೆ ಸುಮಾರು ಒಂದು ಕಿಲೋ ಆಹಾರ ಬೇಕು. ಹಳ್ಳಿಗಳಿಲ್ಲದ ಭಾಗವನ್ನು ದಾಟಲು ಐದು ದಿನ ಬೇಕಾದರೆ ಸಂಪೂರ್ಣ ಸ್ವಾವಲಂಬಿ ಸವಾರನು ಐದು ಕಿಲೋ ಆಹಾರ ಹೊರಬೇಕಾಗುತ್ತದೆ. ಢಾಬಾಗಳನ್ನು ನಂಬಿ ಸಾಗುವವರು ಒಂದೂವರೆಯಿಂದ ಎರಡು ಕಿಲೋ ಆಹಾರವನ್ನು ಆಪತ್ತಿಗೆಂದು ಇಟ್ಟುಕೊಳ್ಳುತ್ತಾರೆ. ರಸ್ತೆ ಕುಸಿದು ಒಂದೆರಡು ದಿನ ಸಿಲುಕಿಕೊಳ್ಳುವುದು ಇಲ್ಲಿ ಅಪರೂಪವಲ್ಲದ ಕಾರಣ ಇದನ್ನೂ ಬಿಟ್ಟು ಹೊರಡುವುದು ಅವಿವೇಕವೆನಿಸುತ್ತದೆ.

ಬೇಯಿಸದೆ ತಿನ್ನಬಹುದಾದ ಪದಾರ್ಥಗಳಿಗೆ ಇಲ್ಲಿ ಆದ್ಯತೆ. ಉತ್ತರ ಭಾರತದ ಸತ್ತು, ಅಂದರೆ ಹುರಿದ ಕಡಲೆಯ ಹಿಟ್ಟು, ಮತ್ತು ಲಡಾಖಿನ ತ್ಸಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು, ಎರಡೂ ದಾರಿಯ ಬುತ್ತಿಯಾಗಿ ಹಿಂದಿನಿಂದ ಬಳಕೆಯಲ್ಲಿವೆ. ಕನ್ನಡನಾಡಿನ ಹುರಿಹಿಟ್ಟು ಇದೇ ಬಗೆಯದು. ತಣ್ಣೀರಿನಲ್ಲಿ ಅಥವಾ ಚಹಾದಲ್ಲಿ ಕಲಸಿದರೂ ಇವು ಊಟವಾಗುತ್ತವೆ. ನೆನೆಸಿದ ಅವಲಕ್ಕಿ, ಬೆಲ್ಲ, ಶೇಂಗಾ ಚಿಕ್ಕಿ, ಖರ್ಜೂರ, ಒಣದ್ರಾಕ್ಷಿ, ಬಾದಾಮಿ ಮತ್ತು ಲಡಾಖಿನ ಒಣ ಜರ್ದಾಲು ಹಣ್ಣುಗಳು ಕಿಸೆಯಲ್ಲಿಟ್ಟು ತಿನ್ನಲು ಅನುಕೂಲ. ತೂಕಕ್ಕೆ ಹೋಲಿಸಿದರೆ ಕೊಬ್ಬಿನಲ್ಲಿ ಶಕ್ತಿ ಹೆಚ್ಚು. ಆದರೆ ಅದನ್ನು ಬಳಸಿಕೊಳ್ಳಲು ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕು. ಅಷ್ಟೇ ಆಮ್ಲಜನಕದಿಂದ ಹಿಟ್ಟು, ಅಕ್ಕಿ ಮತ್ತು ಸಕ್ಕರೆಯ ಪದಾರ್ಥಗಳು ಹೆಚ್ಚು ಶಕ್ತಿ ನೀಡುವುದರಿಂದ ಎತ್ತರದ ಏರುಗಳ ದಿನ ಅವುಗಳಿಗೆ ಮೊದಲ ಸ್ಥಾನ. ತುಪ್ಪ, ಬೆಣ್ಣೆ ಮತ್ತು ಎಣ್ಣೆಬೀಜಗಳನ್ನು ರಾತ್ರಿಯ ಊಟಕ್ಕೆ ಸೇರಿಸಿಕೊಳ್ಳುವುದು ವಾಡಿಕೆ.

ನೀರು

ಒಣಗಾಳಿ ಮತ್ತು ಏದುಸಿರಿನಿಂದ ದೇಹದ ನೀರು ಬೇಗ ಕಳೆದುಹೋಗುತ್ತದೆ. ಚಳಿಯಲ್ಲಿ ಬಾಯಾರಿಕೆ ಮಾತ್ರ ತಿಳಿಯುವುದಿಲ್ಲ. ದಿನಕ್ಕೆ ನಾಲ್ಕು ಲೀಟರ್ ಆಸುಪಾಸು ಕುಡಿಯುವುದು ರೂಢಿ. ಲಾಹೌಲ್ ಬದಿಯಲ್ಲಿ ತೊರೆಗಳು ಹೇರಳವಾಗಿವೆ. ಗಾಟಾ ತಿರುವುಗಳಿಂದ ಪಾಂಗ್‌ವರೆಗೆ ಮತ್ತು ಮೋರೆ ಬಯಲಿನಲ್ಲಿ ನೀರು ವಿರಳವಾದ್ದರಿಂದ ನಾಲ್ಕೈದು ಲೀಟರ್ ತುಂಬಿಕೊಂಡು ಹೊರಡುತ್ತಾರೆ. ಮೇಲ್ಭಾಗದಲ್ಲಿ ಕುರಿಮಂದೆಗಳು ಮೇಯುವುದರಿಂದ ತೊರೆಯ ನೀರನ್ನು ಕುದಿಸಿ, ಸೋಸಿ ಅಥವಾ ಕ್ಲೋರಿನ್ ಮಾತ್ರೆ ಹಾಕಿ ಬಳಸಬೇಕು.

ಗಾಟಾ ತಿರುವುಗಳ ಬಳಿ ಒಂದು ಚಿಕ್ಕ ಗುಡಿಯಿದೆ. ದಾರಿಹೋಕರು ಅಲ್ಲಿ ನೀರಿನ ಬಾಟಲಿಗಳನ್ನು ಇಟ್ಟು ಹೋಗುತ್ತಾರೆ. ಲಾರಿ ಕೆಟ್ಟು ನಿಂತಾಗ ಚಾಲಕನು ಸಹಾಯ ತರಲು ಹೋದನೆಂದೂ, ಕಾವಲಿಗೆ ಉಳಿದ ಕ್ಲೀನರ್ ಹಿಮದಲ್ಲಿ ಸಿಲುಕಿ ನೀರಿಲ್ಲದೆ ಸತ್ತನೆಂದೂ ಜನಜನಿತ ಕಥೆ ಹೇಳುತ್ತದೆ.

ಉಪಕರಣಗಳು

ಸೈಕಲ್

ದುರಸ್ತಿಯ ಅಂಗಡಿ ಇಲ್ಲದ ದಾರಿಯಲ್ಲಿ ಗಟ್ಟಿತನ ಮತ್ತು ಸರಳತೆ ಸೈಕಲ್ಲಿನ ಮೊದಲ ಗುಣಗಳು. ಉಕ್ಕಿನ ಅಥವಾ ಅಲ್ಯೂಮಿನಿಯಂ ಚೌಕಟ್ಟು, 32 ಅಥವಾ 36 ಕಡ್ಡಿಗಳ ಚಕ್ರ ಮತ್ತು 45ರಿಂದ 55 ಮಿ.ಮೀ. ಅಗಲದ ಟೈರುಗಳು ಸೂಕ್ತ. ಗೇರುಗಳಲ್ಲಿ ಅತಿ ತಗ್ಗಿನದು ಒಂದಕ್ಕೊಂದು ಅನುಪಾತಕ್ಕಿಂತ ಕಡಿಮೆ ಇರಬೇಕು. ಉದಾಹರಣೆಗೆ ಮುಂದೆ 22 ಹಲ್ಲು, ಹಿಂದೆ 34 ಹಲ್ಲು. ಸೇನೆಯ ಲಾರಿಗಳಿಗಾಗಿ ಕಟ್ಟಿದ ರಸ್ತೆಯಾದ್ದರಿಂದ ಏರು ಹೆಚ್ಚಿನ ಕಡೆ ಶೇ. 4ರಿಂದ 6ರಷ್ಟಿದೆ. ಆದರೂ 5,000 ಮೀಟರ್ ಎತ್ತರದಲ್ಲಿ ಅದನ್ನು ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ತುಳಿಯಬೇಕಾಗುವುದರಿಂದ ತಗ್ಗಿನ ಗೇರು ಅನಿವಾರ್ಯ. ಉದ್ದನೆಯ ಇಳಿಜಾರುಗಳಲ್ಲಿ ಬ್ರೇಕ್ ಪ್ಯಾಡುಗಳು ಬೇಗ ಸವೆಯುತ್ತವೆ.

ಬಿಡಿ ಟ್ಯೂಬುಗಳು, ಪಂಕ್ಚರ್ ಸಾಮಾನು, ಪಂಪು, ಅಲೆನ್ ಕೀಲಿಗಳು, ಚೈನಿನ ಕೊಂಡಿ ಮತ್ತು ಎಣ್ಣೆ, ಬ್ರೇಕ್ ಪ್ಯಾಡು, ಕಡ್ಡಿಗಳು ಹಾಗೂ ಗೇರು ಬದಲಿಸುವ ಸಾಧನವನ್ನು ಚೌಕಟ್ಟಿಗೆ ಹಿಡಿದಿಡುವ ಕೊಕ್ಕೆ ಜೊತೆಗಿರಬೇಕು. ಕೊನೆಯದು ಸೈಕಲ್ಲಿನಿಂದ ಸೈಕಲ್ಲಿಗೆ ಬೇರೆ ಆಕಾರದ್ದಾಗಿದ್ದು, ಮುರಿದರೆ ದಾರಿಯಲ್ಲಿ ಸಿಗುವುದಿಲ್ಲ.

ಹೊರೆ ಮತ್ತು ತೂಕದ ಲೆಕ್ಕ

ಹೊರೆಯನ್ನು ಕ್ಯಾರಿಯರ್‌ನ ಇಕ್ಕೆಲಗಳ ಚೀಲಗಳಲ್ಲಿ ಅಥವಾ ಚೌಕಟ್ಟಿಗೇ ಬಿಗಿಯುವ ಚಿಕ್ಕ ಚೀಲಗಳಲ್ಲಿ ಒಯ್ಯುತ್ತಾರೆ. ಮೊದಲಿನದರಲ್ಲಿ ಜಾಗ ಹೆಚ್ಚು. ಎರಡನೆಯದು ಹಗುರ ಮತ್ತು ಗಾಳಿಗೆ ತಡೆ ಕಡಿಮೆ. ಡೇರೆ, ಒಲೆ ಸಹಿತ ಸ್ವಾವಲಂಬಿ ಸವಾರನ ಹೊರೆ 15ರಿಂದ 25 ಕಿಲೋ ಆಗಬಹುದು. ಪ್ರವಾಸ ಸಂಸ್ಥೆಗಳು ಏರ್ಪಡಿಸುವ ಯಾನಗಳಲ್ಲಿ ಹೊರೆಯನ್ನು ಹಿಂಬಾಲಿಸುವ ವಾಹನವೇ ಸಾಗಿಸುತ್ತದೆ.

ತೂಕ ಇಳಿಸುವ ಆಸೆ ಎಲ್ಲ ದೂರಪ್ರಯಾಣಗಳಲ್ಲೂ ಸಹಜ. ಈ ದಾರಿಯಲ್ಲಿ ಅದರ ಲಾಭ ಎಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಮನಾಲಿಯಿಂದ ಲೇಹ್‌ವರೆಗಿನ ಪ್ರಮುಖ ಏರುಗಳನ್ನು ಕೂಡಿಸಿದರೆ ಸುಮಾರು 5,000 ಮೀಟರ್ ಆಗುತ್ತದೆ. 5 ಕಿಲೋ ಹೆಚ್ಚುವರಿ ಹೊರೆಯನ್ನು ಅಷ್ಟು ಎತ್ತರಕ್ಕೆ ಎತ್ತಲು 245 ಕಿಲೋಜೂಲ್ ಕೆಲಸ ಬೇಕು. ಸ್ನಾಯುಗಳ ದಕ್ಷತೆಯನ್ನು ಶೇ. 22 ಎಂದು ಹಿಡಿದರೆ ಇದಕ್ಕೆ ತಗಲುವ ಆಹಾರ ಇಡೀ ಯಾನಕ್ಕೆ ಸುಮಾರು 270 ಕಿಲೋಕ್ಯಾಲರಿ, ಅಂದರೆ ಒಂದು ಹಿಡಿ ಶೇಂಗಾದಷ್ಟು. ಸಮಯದ ನಷ್ಟವೂ ಮಿತವಾದುದೇ. ಸವಾರ, ಸೈಕಲ್ ಮತ್ತು ಹೊರೆ ಸೇರಿ 100 ಕಿಲೋ ಇದ್ದಲ್ಲಿ ಇನ್ನೂ 5 ಕಿಲೋ ಸೇರಿದರೆ ಏರು ಶೇ. 5ರಷ್ಟು ನಿಧಾನವಾಗುತ್ತದೆ, ಐದು ಗಂಟೆಯ ಏರಿಗೆ ಸುಮಾರು ಕಾಲು ಗಂಟೆ ಹೆಚ್ಚು ಬೇಕಾಗುತ್ತದೆ. ಬೆಚ್ಚನೆಯ ಮಲಗುಚೀಲ ಅಥವಾ ಎರಡು ದಿನದ ಆಹಾರವನ್ನು ಬಿಟ್ಟುಹೋಗಿ ಉಳಿಸುವ ಸಮಯ ಇಷ್ಟೇ. ರಸ್ತೆ ಮುಚ್ಚಿದ ರಾತ್ರಿ ಅವುಗಳ ಕೊರತೆ ಪ್ರಾಣಕ್ಕೆ ಕುತ್ತಾಗಬಹುದು. ಬಟ್ಟೆಗಳ ಹೆಚ್ಚುವರಿ ಜೊತೆಗಳು, ಪುಸ್ತಕಗಳು ಮತ್ತು ಪಾತ್ರೆಗಳನ್ನು ಇಳಿಸಿ ತೂಕ ಉಳಿಸುವುದು ಯುಕ್ತವೆನಿಸುತ್ತದೆ.

ವಸತಿ, ಉಡುಪು ಮತ್ತು ಒಲೆ

ಮೈನಸ್ 5ರಿಂದ ಮೈನಸ್ 10 ಡಿಗ್ರಿಯವರೆಗೆ ಬಳಸಬಹುದಾದ ಮಲಗುಚೀಲ ಮತ್ತು ನೆಲದ ತಣುಪನ್ನು ತಡೆಯುವ ಹಾಸು ಅಗತ್ಯ. ಢಾಬಾಗಳಲ್ಲಿ ತಂಗುವವರಿಗೂ ಚಿಕ್ಕ ಡೇರೆಯೊಂದು ಜೊತೆಗಿದ್ದರೆ ಏರಿನ ನಡುವೆ ದೇಹ ಸೋತಾಗ ಅಲ್ಲಿಯೇ ನಿಲ್ಲುವ ಸ್ವಾತಂತ್ರ್ಯ ದೊರೆಯುತ್ತದೆ. ಉಡುಪನ್ನು ಪದರಗಳಾಗಿ ತೊಡಬೇಕು: ಬೆವರು ಹೀರುವ ಒಳಪದರ, ಉಣ್ಣೆ ಅಥವಾ ಫ್ಲೀಸ್‌ನ ನಡುಪದರ, ಗಾಳಿ–ಮಳೆ ತಡೆಯುವ ಹೊರಪದರ. ಏರುವಾಗ ಬೆವರಿದ ಮೈ ಇಳಿಯುವಾಗ ಗಾಳಿಗೆ ಮರಗಟ್ಟುವುದರಿಂದ ಕೈಗವಸು ಮತ್ತು ಕಿವಿ ಮುಚ್ಚುವ ಟೋಪಿ ಕೈಗೆಟಕುವಂತಿರಬೇಕು. ಅತಿನೇರಳೆ ಕಿರಣಗಳ ಪ್ರಖರತೆ ಎತ್ತರದೊಂದಿಗೆ ಹೆಚ್ಚುವುದರಿಂದ ಕಪ್ಪು ಕನ್ನಡಕ ಹಾಗೂ ಚರ್ಮಕ್ಕೆ ಹಚ್ಚುವ ಲೇಪ ಕಡ್ಡಾಯ. ತೊರೆ ದಾಟಲು ಚಪ್ಪಲಿಯೊಂದು ಉಪಯುಕ್ತ.

ಒಲೆಗಳಲ್ಲಿ ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ಉರಿಯುವವು ಚಳಿಯಲ್ಲೂ ಸರಿಯಾಗಿ ಕೆಲಸ ಮಾಡುತ್ತವೆ. ಇಂಧನವನ್ನು ಮನಾಲಿ ಅಥವಾ ಟಾಂಡಿಯಲ್ಲಿ ತುಂಬಿಕೊಳ್ಳಬಹುದು. ಬ್ಯುಟೇನ್ ಅನಿಲವು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುವುದರಿಂದ, ಪ್ರೊಪೇನ್ ಬೆರೆತ ಡಬ್ಬಿಗಳೇ ಬೇಕು. ಇಂತಹ ಅನಿಲದ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯಲು ಅನುಮತಿ ಇಲ್ಲ.

ಯಾನದ ದಿಕ್ಕು ಮತ್ತು ದಿನಚರಿ

ಹೆಚ್ಚಿನವರು ಮನಾಲಿಯಿಂದ ಲೇಹ್ ಕಡೆಗೆ ಸಾಗುತ್ತಾರೆ. ಇದರಲ್ಲಿ ಎತ್ತರ ಹಂತಹಂತವಾಗಿ ಹೆಚ್ಚುತ್ತದೆ. ಲೇಹ್‌ಗೆ ವಿಮಾನದಲ್ಲಿ ಬಂದಿಳಿದು ಹಿಮ್ಮುಖವಾಗಿ ಹೊರಡುವವರು ಕೆಲವು ದಿನ ಅಲ್ಲಿಯೇ ತಂಗಿ ಒಗ್ಗಿಕೊಳ್ಳಬೇಕಾಗುತ್ತದೆ. ಅವರಿಗೆ ಅತಿ ಎತ್ತರದ ತಾಂಗ್ಲಾಂಗ್ ಲಾ ಮೊದಲಿಗೇ ಎದುರಾಗುತ್ತದೆ.

ಹತ್ತು ದಿನಗಳ ಒಂದು ಸಾಮಾನ್ಯ ಕ್ರಮ ಹೀಗಿದೆ: ಮೊದಲ ದಿನ ಮಢಿ, ಎರಡನೆಯ ದಿನ ಸಿಸ್ಸು, ಮೂರನೆಯ ದಿನ ಜಿಸ್ಪಾ, ನಾಲ್ಕನೆಯ ದಿನ ವಿಶ್ರಾಂತಿ, ಐದನೆಯ ದಿನ ಪಟ್ಸಿಯೋ, ಆರನೆಯ ದಿನ ಸರ್ಚು, ಏಳನೆಯ ದಿನ ಪಾಂಗ್, ಎಂಟನೆಯ ದಿನ ಡೆಬ್ರಿಂಗ್, ಒಂಬತ್ತನೆಯ ದಿನ ರುಮ್ತ್ಸೆ, ಹತ್ತನೆಯ ದಿನ ಲೇಹ್. ಏಳನೆಯ ದಿನದ ಸುಮಾರು 78 ಕಿ.ಮೀ. ದೂರದಲ್ಲಿ ಎರಡು ಕಣಿವೆಮಾರ್ಗಗಳು ಬರುವುದರಿಂದ ಕೆಲವರು ಅದನ್ನು ಎರಡು ದಿನಗಳಾಗಿ ಒಡೆಯುತ್ತಾರೆ. ಲೇಹ್ ತಲುಪಿದ ಬಳಿಕ ಖಾರ್ದುಂಗ್ ಲಾವನ್ನೂ ಏರಿ ಯಾನ ಮುಗಿಸುವುದು ಅನೇಕರ ರೂಢಿ. ಆ ಕಣಿವೆಮಾರ್ಗದ ಎತ್ತರವನ್ನು ಬಹುಕಾಲ 5,602 ಮೀಟರ್ ಎಂದು ಹೇಳಲಾಗುತ್ತಿತ್ತು. ಅಳತೆಗಳ ಪ್ರಕಾರ ಅದು ಸುಮಾರು 5,359 ಮೀಟರ್.

ಸುರಕ್ಷತೆ ಮತ್ತು ಪರಿಸರ

ಲಾರಿಗಳ ಸಾಲು, ಧೂಳು, ಕಲ್ಲು ಉರುಳುವ ಇಳಿಜಾರುಗಳು ಮತ್ತು ನೀರು ಕೊಚ್ಚಿದ ರಸ್ತೆ ದಿನನಿತ್ಯದ ಅಪಾಯಗಳು. ಹಳ್ಳಿಗಳಿಲ್ಲದ ಭಾಗದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಉಪಗ್ರಹ ದೂರವಾಣಿ ಮತ್ತು ಅದೇ ಬಗೆಯ ಸಂದೇಶ ಸಾಧನಗಳನ್ನು ಸರ್ಕಾರದ ಅನುಮತಿಯಿಲ್ಲದೆ ಬಳಸುವುದು ಭಾರತದಲ್ಲಿ ಕಾನೂನುಬಾಹಿರ. ಇದು ವಿದೇಶಿ ಸವಾರರಿಗೂ ಅನ್ವಯಿಸುತ್ತದೆ. ಕಿರಿದಾದ ಆಮ್ಲಜನಕದ ಡಬ್ಬಿಗಳು ಕೆಲವು ನಿಮಿಷಗಳ ಉಪಶಮನ ಮಾತ್ರ ನೀಡುತ್ತವೆ. ಅವು ಕೆಳಗಿಳಿಯುವುದಕ್ಕೆ ಬದಲಿಯಲ್ಲ.

ಚಳಿ ಮತ್ತು ಒಣಹವೆಯಿಂದಾಗಿ ಇಲ್ಲಿ ಕಸ ಕೊಳೆಯುವುದು ಬಹಳ ನಿಧಾನ. ಪ್ಲಾಸ್ಟಿಕ್ ಬಾಟಲಿ ಮತ್ತು ಬಿಸ್ಕತ್ತು ಹೊದಿಕೆಗಳು ವರ್ಷಗಟ್ಟಲೆ ಉಳಿಯುತ್ತವೆ. ಸೋಸುವ ಸಾಧನ ಅಥವಾ ಮಾತ್ರೆಗಳಿಂದ ತೊರೆಯ ನೀರನ್ನೇ ಶುದ್ಧಗೊಳಿಸಿಕೊಳ್ಳುವುದು ಬಾಟಲಿಗಳ ಬಳಕೆಯನ್ನು ತಗ್ಗಿಸುತ್ತದೆ. ಖಾಲಿ ಹೊದಿಕೆಗಳನ್ನು ಲೇಹ್ ಅಥವಾ ಕೇಲಾಂಗ್‌ವರೆಗೆ ಹಿಂದಕ್ಕೆ ಒಯ್ಯುವುದು ಸೈಕಲ್ ಪ್ರವಾಸಿಗರಲ್ಲಿ ಒಪ್ಪಿತವಾದ ನಡವಳಿಕೆಯಾಗಿದೆ.

ಇವನ್ನೂ ನೋಡಿ

ಲಡಾಖ್
ಲಾಹೌಲ್ ಮತ್ತು ಸ್ಪಿತಿ ಜಿಲ್ಲೆ
ಅಟಲ್ ಸುರಂಗ
ಗಡಿ ರಸ್ತೆಗಳ ಸಂಸ್ಥೆ
ಎತ್ತರದ ಕಾಯಿಲೆ
ಸೈಕಲ್